ಅಪ್‌ಡೇಟ್: ಸ್ನೋ ಗೂಸ್ ಬೇಟೆಗೆ ಕೊನೆಗೆ ಯಾವ ಡಿಕಾಯ್ ತಗೊಂಡೆ

ಹೋದ ತಿಂಗಳು ಕೇಳಿದ್ದೆ, ಅಮೆರಿಕದ ಮಿಸೌರಿಯಲ್ಲಿ ಸ್ನೋ ಗೂಸ್ (ಬಿಳಿ ಕಾಡು ಹೆಬ್ಬಾತು) ಬೇಟೆಗೆ ಹಕ್ಕಿಗಳನ್ನು ಸೆಳೆಯೋಕೆ ಫುಲ್ ಬಾಡಿ ಡಿಕಾಯ್ (ಪೂರ್ತಿ ಹಕ್ಕಿ ಆಕಾರದ ನಕಲಿ ಬಾತು) ಬೇಕಾ, ಬರೀ ವಿಂಡ್‌ಸಾಕ್ (ಕಡ್ಡಿಗೆ ಸಿಕ್ಕಿಸಿದ, ಗಾಳಿ ತುಂಬಿ ಅಲುಗಾಡುವ ಹಗುರ ಚೀಲದಂಥ ನಕಲಿ ಬಾತು) ಸಾಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ 400 ವಿಂಡ್‌ಸಾಕ್, 3 ಡಜನ್ ಫುಲ್ ಬಾಡಿ ತಗೊಂಡೆ. ಸಾವಿರಗಟ್ಟಲೆ ಒಟ್ಟಿಗೆ ಇಳಿಯುವ ಹಕ್ಕಿ, ಸಂಖ್ಯೆ ಜಾಸ್ತಿ ಇರಲೇಬೇಕು ಅಲ್ವಾ.

ಮೊದಲ ದಿನ ಗಾಳಿಯೇ ಇರಲಿಲ್ಲ. ಸಾಕ್‌ಗಳೆಲ್ಲ ಒದ್ದೆ ಬಟ್ಟೆ ಥರ ಕಡ್ಡಿಗೆ ಜೋತುಬಿದ್ದವು. ಬಾತುಗಳು ಎತ್ತರದಲ್ಲೇ ಎರಡು ಸುತ್ತು ಹಾಕಿ ಹೊರಟುಹೋದವು.

ಮಾರನೇ ದಿನ ಒಳ್ಳೆ ಗಾಳಿ. ಮೆಕ್ಕೆಜೋಳದ ಕೂಳೆ ಹೊಲದಲ್ಲಿ ಗಾಳಿಗೆ ಬೆನ್ನು ಕೊಟ್ಟು ಮಲಗಿದೆವು, ಹಕ್ಕಿ ಗಾಳಿಗೆ ಎದುರಾಗಿಯೇ ಇಳಿಯುವುದರಿಂದ ಮುಂದೆ ಜಾಗ ಖಾಲಿ ಬಿಟ್ಟು, ಅದರ ಅಂಚಿಗೆ ಫುಲ್ ಬಾಡಿ ಇಟ್ಟು, ಉಳಿದ ಕಡೆ ಸಾಕ್‌ಗಳನ್ನು ಸಾಲಾಗಿ ಅಲ್ಲದೆ ಗುಂಪು ಗುಂಪಾಗಿ ಚುಚ್ಚಿದ್ದೆವು. ಹೋದ ವರ್ಷ ಹುಟ್ಟಿದ ಎಳೆ ಬಾತುಗಳು ಬೂದು ಬಣ್ಣ, ಅದಕ್ಕೇ ಬೂದು ಡಿಕಾಯ್ ಕೂಡ ಬೆರೆಸಿದ್ದೆ. ವಸಂತದ ಕನ್ಸರ್ವೇಷನ್ ಆರ್ಡರ್ ಸೀಸನ್ (ಈ ಬಾತುಗಳ ಸಂಖ್ಯೆ ಇಳಿಸೋಕೆ ನಿಯಮ ಸಡಿಲಿಸಿದ ಬೇಟೆ ಅವಧಿ) ಆದ್ದರಿಂದ ಎಲೆಕ್ಟ್ರಾನಿಕ್ ಕಾಲ್‌ಗೂ (ಬಾತುಗಳ ಕೂಗನ್ನು ಸ್ಪೀಕರ್‌ನಲ್ಲಿ ಹಾಕುವ ಸಾಧನ) ಅನುಮತಿ ಇತ್ತು.

ಸುಮಾರು ಮೂವತ್ತು ಹಕ್ಕಿಯ ಒಂದು ಗುಂಪು ಕಾಲು ಇಳಿಬಿಟ್ಟು ಸೀದಾ ಆ ಖಾಲಿ ಜಾಗಕ್ಕೇ ಬಂತು. ಎದೆ ಬಡಿದುಕೊಂಡ ಪರಿ ಹೇಳೋಕಾಗಲ್ಲ! ಒಟ್ಟು 11 ಸಿಕ್ಕವು. ಎದೆ ಮಾಂಸಕ್ಕೆ ಕಾಳುಮೆಣಸು ಹಾಕಿ ಹುರಿದೆವು, ತುಂಬಾ ರುಚಿ.