53ರಲ್ಲಿ ಪೋಲ್ ವಾಲ್ಟ್, ಈ ವರ್ಷ ಏನು ಗುರಿ ಇಟ್ಕೊಳ್ಲಿ?

ಗಿರಿ_ಜಂಪರ್, ಚಿಕ್ಕಮಗಳೂರು:
ಎಲ್ರಿಗೂ ನಮಸ್ಕಾರ. ನಂಗೀಗ 53, ಮಾಸ್ಟರ್ಸ್‌ನಲ್ಲಿ (ವಯಸ್ಸಾದೋರ ಸ್ಪರ್ಧೆ) 50-54ರ ಗ್ರೂಪು. ಕಾಲೇಜಲ್ಲಿ ಪೋಲ್ ಊರಿ 3.60 ಮೀಟರ್ ಹಾರಿದ್ದೆ, ಆಮೇಲೆ ತೋಟ, ಮನೆ, ಮಕ್ಳು ಅಂತ ಇಪ್ಪತ್ತು ವರ್ಷದ ಮೇಲೆ ಪೋಲ್ ಮುಟ್ಲೇ ಇಲ್ಲ, 47ಕ್ಕೆ ಮತ್ತೆ ಹಿಡ್ದೆ. ಹೋದ್ವರ್ಷ 2.80 ಆಯ್ತು, 2.90ಕ್ಕೆ ಮೂರೂ ಸಲ ಬಾರ್ ಬಿತ್ತು. ಈ ಸಲ 3.00 ಹಾರ್ಲೇಬೇಕು ಅಂತ ಚೀಟಿ ಬರ್ದು ಗೋಡೆಗೆ ಅಂಟಿಸಿದೀನಿ, ಆದ್ರೆ ಜನವರಿಯಿಂದ ಎರಡು ಸಲ ತೊಡೆ ಹಿಂದೆ ಹಿಡ್ಕೊಂಡು ಹದಿನೈದು ಹದಿನೈದು ದಿನ ಕೂತೆ. ಊರಲ್ಲಿ ಓಟ, ಜಿಮ್ ಅಷ್ಟೇ, ಮ್ಯಾಟ್ ಮೇಲೆ ಹಾರೋಕೆ ತಿಂಗಳಿಗೊಂದ್ಸಲ ಪೋಲ್‌ನ ಜೀಪ್ ಕ್ಯಾರಿಯರ್‌ಗೆ ಕಟ್ಕೊಂಡು ಬೇಲೂರು ಹಾಸನ ಮೇಲೆ ಬೆಂಗಳೂರಿಗೆ ಹೋಗ್ತೀನಿ. ಜೂನ್ ಬಂತು ಅಂದ್ರೆ ಮಳೆ ಬೇರೆ. ಟ್ರೈನಿಂಗ್ ಹೆಂಗೆ ಹಾಕ್ಕೊಳ್ಲಿ?

ಹಾಸನ_ಪಿಟಿ_ಮೇಷ್ಟ್ರು:
ಸಾರ್, ಮೊದ್ಲು ಆ ಚೀಟಿ ತೆಗೀರಿ. 3.00 ಅನ್ನೋದು ನೀವು ಮಾಡೋ ಕೆಲ್ಸ ಅಲ್ಲ, ಮಾಡಿದ ಕೆಲ್ಸಕ್ಕೆ ಸಿಗೋ ಕೂಲಿ. ಎತ್ತರ ಬರೋದು ಓಟದ ವೇಗದಿಂದ. ಸೆಕೆಂಡಿಗೆ 8 ಮೀಟರ್ ಓಡಿದ್ರೆ ಆ ವೇಗ ಪೂರ್ತಿ ಮೈ ಎತ್ತೋಕೆ ಹೋದ್ರೆ ಲೆಕ್ಕದಲ್ಲಿ 3.26 ಮೀಟರ್ ಎತ್ತತ್ತೆ, 7 ಮೀಟರಿಗೆ ಇಳಿದ್ರೆ 2.50 ಅಷ್ಟೇ. ಒಂದೇ ಮೀಟರ್ ವೇಗಕ್ಕೆ 76 ಸೆಂಟಿಮೀಟರ್ ಹೋಯ್ತು ನೋಡಿ! ಹಂಗಾಗಿ ನಿಮ್ಮ ಮೊದಲ್ನೇ ಗುರಿ, ಇರೋ ವೇಗ ಉಳಿಸ್ಕೊಳ್ಳೋದು, ಎರಡನೇದು ಅದನ್ನ ಟೇಕ್ ಆಫಲ್ಲಿ, ಅಂದ್ರೆ ಕಾಲು ನೆಲ ಬಿಡೋವಾಗ, ಚೆಲ್ದೆ ಇರೋದು. ನಮ್ಮ ವಯಸ್ನೋರು ಪೂರ್ತಿ ರನ್ ಅಪ್ ತಗೊಂಡು ಕೊನೇ ಎರಡು ಹೆಜ್ಜೆ ಉದ್ದ ಮಾಡ್ಬಿಡ್ತಾರೆ, ಕಾಲು ಮೇಲಿನ ಕೈಗಿಂತ ಮುಂದೆ ಬೀಳತ್ತೆ, ಪೋಲ್ ಬಾಕ್ಸ್‌ಗೆ (ಪೋಲ್ ತುದಿ ಊರೋ ಗುಂಡಿ) ಗುದ್ದಿ ಭುಜ ಜಗ್ಗಿ ಹಿಂದಕ್ಕೆ ತಳ್ಳತ್ತೆ. ನಿಮ್ಗೂ 2.90ರಲ್ಲಿ ಅದೇ ಆಗಿರ್ಬೇಕು. ರನ್ ಅಪ್ 10 ಹೆಜ್ಜೆಗೆ ಇಳ್ಸಿ, ಗ್ರಿಪ್ ಒಂದು ಗೇಣು ಕೆಳಗೆ ಹಿಡೀರಿ, ಟೇಕ್ ಆಫ್ ಜಾಗಕ್ಕೆ ಸುಣ್ಣದ ಗೆರೆ ಎಳೆದು ಮೊಬೈಲಲ್ಲಿ ಪಕ್ಕದಿಂದ ವಿಡಿಯೋ ತೆಗೆಸಿ. ಹತ್ತಕ್ಕೆ ಎಂಟು ಸಲ ಕಾಲಿನ ಹೆಬ್ಬೆರಳು ಮೇಲಿನ ಕೈ ನೇರಕ್ಕೆ ಬಂದ್ರೆ ಅದು ಗುರಿ ಮುಟ್ಟಿದ ಹಾಗೆ. ಮ್ಯಾಟ್ ಇಲ್ಲ ಅಂತ ಕೊರಗ್ಬೇಡಿ, ಟವೆಲ್ ಮಡ್ಚಿ ಪೋಲ್ ತುದಿ ಅದ್ರ ಮೇಲಿಟ್ಟು ಜಾರಿಸ್ತಾ ಪ್ಲಾಂಟ್ (ಪೋಲ್ ಊರೋದು) ಮಾಡಿ, ಮನೆ ಅಂಗಳ ಸಾಕು.

ಸಕಲೇಶಪುರ_ಫಿಸಿಯೋ:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಸಾರ್, ತೊಡೆ ಎರಡು ಸಲ ಹಿಡ್ಕೊಂಡಿದೆ ಅಂದ್ರೆ ಪೂರ್ತಿ ವಾಸಿಯಾಗೋ ಮೊದ್ಲೇ ಜೋರಾಗಿ ಓಡಿರೋ ಹಾಗಿದೆ. ಒಮ್ಮೆ ಯಾರಿಗಾದ್ರೂ ತೋರಿಸ್ಕೊಳಿ. ಜೋರು ಓಟ ವಾರಕ್ಕೆ ಎರಡೇ ದಿನ, ಮಧ್ಯ ಎರಡು ದಿನ ಗ್ಯಾಪ್ ಇರ್ಲಿ. ಮಂಡಿಯೂರಿ ಕೂತು ಹಿಮ್ಮಡಿ ಯಾರಾದ್ರೂ ಹಿಡ್ಕೊಂಡು ಮೈ ನಿಧಾನಕ್ಕೆ ಮುಂದೆ ಇಳಿಸೋ ನಾರ್ಡಿಕ್ ಇದ್ಯಲ್ಲ, ಅದು ಶುರುಲಿ ಐದೈದೇ ಸಾಕು. ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿಳಿಸೋದನ್ನೂ ಬಿಡ್ಬೇಡಿ. ಮಳೆಗಾಲದ ಬೆಳಿಗ್ಗೆ ಚಳಿ ಮೈಯಲ್ಲಿ ಓಡ್ಲೇಬೇಡಿ, ಇಪ್ಪತ್ತು ನಿಮಿಷ ವಾರ್ಮ್ ಅಪ್ ಆಗ್ಲಿ. ನಂಗಂತೂ ನಿಮ್ಮ ದೊಡ್ಡ ಗುರಿ, ಆರು ತಿಂಗಳಲ್ಲಿ ಒಂದು ವಾರವೂ ಮಲಗ್ದೆ ಇರೋದು.

ಬೇಲೂರು_ವಾಲ್ಟರ್:
ಚೀಟಿ ತೆಗೀಬೇಡಿ ಅಣ್ಣಾ! ಅಮೆರಿಕದ ಜೆಫ್ ಹಾರ್ಟ್‌ವಿಗ್ 2008ರಲ್ಲಿ 40ನೇ ವಯಸ್ಸಿಗೆ ಬೀಜಿಂಗ್ ಒಲಿಂಪಿಕ್ಸ್‌ಗೆ ಸೆಲೆಕ್ಟ್ ಆದ್ರು, ಮನಸ್ಸಲ್ಲಿ ನಂಬರ್ ಇಲ್ದೆ ಅಲ್ಲಿವರೆಗೆ ಬರಕ್ಕಾಗತ್ತಾ? ಇನ್ನೊಂದು, ಪೋಲ್ ಮೇಲೆ ಬರ್ದಿರೋ ತೂಕ ನೋಡಿ, ನಿಮ್ಮ ತೂಕ ಅದಕ್ಕಿಂತ ಜಾಸ್ತಿ ಇದ್ರೆ ಹಾರ್ಬೇಡಿ, ಮುರಿಯುತ್ತೆ.

ಗಿರಿ_ಜಂಪರ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಹಳೇ ವಿಡಿಯೋ ಈಗ ನಿಲ್ಲಿಸಿ ನಿಲ್ಲಿಸಿ ನೋಡ್ದೆ, 2.90ರ ಮೂರೂ ಸಲ ಕಾಲು ಒಂದಡಿ ಮುಂದೆ ಬಿದ್ದಿದೆ, ಇಷ್ಟು ದಿನ ತೋಳಲ್ಲಿ ಶಕ್ತಿ ಇಲ್ಲ ಅಂತ ಪುಲ್ ಅಪ್ಸ್ ತೆಗೀತಿದ್ದೆ. ಮೇಡಂ, ಸೋಮವಾರ ತೋರಿಸ್ಕೊಂಡು ಬರ್ತೀನಿ. ಚೀಟಿ ಇರ್ಲಿ, ಅದ್ರ ಕೆಳಗೆ ‘ಹತ್ತಕ್ಕೆ ಎಂಟು’ ಅಂತ ಬರ್ದೆ. ನನ್ನ ಪೋಲಿನ ತುದಿ ರಬ್ಬರ್ ಸವೆದು ಹೋಗಿದೆ, ಹಾಸನದಲ್ಲಿ ಸಿಗತ್ತಾ?

ಹಾಸನ_ಪಿಟಿ_ಮೇಷ್ಟ್ರು:
ಅಂಗಡೀಲಿ ಸಿಗಲ್ಲ ಸಾರ್. ನನ್ ಹತ್ರ ಎರಡಿದೆ, ಪೋಲಿನ ಸುತ್ತಳತೆ ಕಳ್ಸಿ, ಬೆಂಗಳೂರಿಗೆ ಹೋಗ್ತಾ ಹಾಸನದಲ್ಲಿ ನಿಲ್ಸಿ ತಗೊಂಡ್ ಹೋಗಿ.