ಎಸ್‌ಟಿಪಿ ನೀರಿನಿಂದ ಊರಿಗೆ ಎಷ್ಟು ಲಾಭ? ಲೆಕ್ಕ ಹೇಗೆ?

ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನಲ್ಲಿ ಇನ್ನೂರು ಮನೆಗಳ ಅಪಾರ್ಟ್‌ಮೆಂಟ್. ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕರೆಂಟ್ ಬಿಲ್, ಆಪರೇಟರ್ ಸಂಬಳ ಅಂತ ತಿಂಗಳು ತಿಂಗಳು ದುಡ್ಡು ಸುರಿಯುತ್ತಿದ್ದೇವೆ. ಅರ್ಧ ನೀರು ಮೋರಿಗೇ ಹೋಗುತ್ತದೆ. ಊರಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ, ಅಥವಾ ಸುಮ್ನೆ ಕಾನೂನಿಗೆ ಹೆದರಿ ನಡೆಸೋದಾ?

ಉತ್ತರ (ಎಸ್‌ಟಿಪಿ ಎಂಜಿನಿಯರ್): ಉಪಯೋಗ ಇದೆ. ಆದರೆ ಎಷ್ಟು ಲೀಟರ್ ಶುದ್ಧವಾಯಿತು ಅಂತ ನೋಡಬೇಡಿ. ಕಾವೇರಿ ಬಿಲ್ ಎಷ್ಟು ಇಳಿಯಿತು, ಟ್ಯಾಂಕರ್ ಎಷ್ಟು ಕಡಿಮೆ ಬಂತು, ಅದನ್ನು ನೋಡಿ. ಶುದ್ಧ ಮಾಡಿದ ನೀರನ್ನು ಮೋರಿಗೆ ಬಿಟ್ಟರೆ ಕೆರೆಗೆ ಹೊಲಸು ಸೇರುವುದು ತಪ್ಪುತ್ತದೆ ಅಷ್ಟೇ, ಕಾವೇರಿ ನೀರು ಒಂದು ಹನಿಯೂ ಉಳಿಯುವುದಿಲ್ಲ.

ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿದರೆ 45 ಲೀಟರ್ ಫ್ಲಶ್‌ಗೇ ಹೋಗುತ್ತದೆ. ಸುಮಾರು 100 ಕಿ.ಮೀ. ದೂರದಿಂದ, ಮೂರು ಕಡೆ ಪಂಪ್ ಮಾಡಿ ಮೇಲೆತ್ತಿ ತಂದ ನೀರು ಅದು! ಫ್ಲಶ್‌ಗೆ ಬೇರೆ ಪೈಪ್ ಇದ್ದರೆ ಮೊದಲು ಅಲ್ಲಿಗೆ ಕೊಡಿ. ಆಮೇಲೆ ಗಿಡಗಳಿಗೆ. ಇನ್ನೂ ಉಳಿದರೆ ಹತ್ತಿರದ ಕಟ್ಟಡ ಕೆಲಸದವರನ್ನು ಕೇಳಿ. 2024ರ ಬೇಸಿಗೆಯಲ್ಲಿ ಕಟ್ಟಡ ಕೆಲಸಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ ಜಲಮಂಡಳಿ 5,000 ರೂಪಾಯಿ ದಂಡ ಇಟ್ಟಿತ್ತು, ನೆನಪಿದೆ ಅಲ್ವಾ?

ಪ್ರಶ್ನೆ: ಫ್ಲಶ್‌ಗೆ ಕೊಟ್ಟಿದ್ದೆವು ಸರ್. ವಾಸನೆ ಅಂತ ಜಗಳವಾಗಿ ನಿಲ್ಲಿಸಿದೆವು.

ಉತ್ತರ: ರಾತ್ರಿ ಬ್ಲೋವರ್ (ತೊಟ್ಟಿಗೆ ಗಾಳಿ ಊದುವ ಯಂತ್ರ) ಆಫ್ ಮಾಡುತ್ತಾರಾ ವಿಚಾರಿಸಿ. ಕರೆಂಟ್ ಉಳಿಸಲು ಬಹಳ ಕಡೆ ಇದೇ ಕಥೆ. ಗಾಳಿ ಸಿಗದೆ ಹೊಲಸು ತಿನ್ನುವ ಬ್ಯಾಕ್ಟೀರಿಯಾ ಸತ್ತರೆ ವಾಸನೆ ಬಂದೇ ಬರುತ್ತದೆ. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಜಾಡಿಗೆ ತೆಗೆದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ಕಂದು ಕೆಸರು ಕೆಳಗೆ ಕೂತು ಮೇಲೆ ತಿಳಿ ನೀರು ನಿಲ್ಲಬೇಕು. ಕಪ್ಪಾಗಿ ನಾರುತ್ತಿದ್ದರೆ ಆಪರೇಟರ್ ಜೊತೆ ಮಾತಾಡಿ.

ಇನ್ನೊಬ್ಬರು: ನಮ್ಮದು ಕೋಲಾರ. ನಿಮ್ಮೂರ ಕೊಳಚೆ ನಮ್ಮ ಕೆರೆಗೆ, ಲಾಭ ಯಾರಿಗೆ?

ಉತ್ತರ: ಕೋಪ ನ್ಯಾಯವಾದದ್ದೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು ಕೋಲಾರಕ್ಕೆ ಬಂದು ಕೆರೆ ತುಂಬಿದ ಕಡೆ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ, ಅದು ದೊಡ್ಡ ಲಾಭವೇ. ಆದರೆ ಎರಡೇ ಹಂತ ಶುದ್ಧ ಮಾಡಿದ ನೀರು ಅಂತರ್ಜಲಕ್ಕೆ ಇಳಿಯುವುದು ನನಗೂ ಸರಿ ಕಾಣುವುದಿಲ್ಲ. ಇನ್ನೂ ಸೋಸಿ ಶುದ್ಧ ಮಾಡುವ ಮೂರನೇ ಹಂತ ಬೇಕೇ ಬೇಕು. ಅಲ್ಲಿಯವರೆಗೆ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್, ಭಾರಲೋಹ ಎಷ್ಟಿದೆ ಅಂತ ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ, ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲು ಒತ್ತಾಯಿಸಿ.