ಸಹಾಯ ಬೇಕು: ಅಕ್ಟೋಬರ್‌ಗೆ ಬಾಲಿ, ಸನೂರ್ ಬೀಚ್ ಒಳ್ಳೇದಾ ನೂಸಾ ದುವಾ ಬೀಚ್ ಒಳ್ಳೇದಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವರು ನಾವು. ದಸರಾ ರಜೆಯಲ್ಲಿ, ಅಡಿಕೆ ಕೊನೆ ಕೊಯ್ಲು ಶುರುವಾಗೋ ಮುಂಚೆ, ಮಂಡಿನೋವಿರೋ ಅಮ್ಮನೂ ಸೇರಿ ನಾಲ್ಕು ಜನ ಹೋಗೋ ಯೋಚನೆ. ವಿಯೆಟ್ನಾಂನ ದನಾಂಗ್, ಹೋಯಿ ಆನ್ ಕೈಬಿಟ್ವಿ, ಅಕ್ಟೋಬರ್-ನವೆಂಬರ್‌ನಲ್ಲೇ ಅಲ್ಲಿ ಮಳೆ, ನೆರೆ ಜೋರು. ಮಳೆ ನೋಡೋಕೆ ಆಗುಂಬೆ ಸಾಕಲ್ಲ! ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚುಕಮ್ಮಿ ಒಣಹವೆ.

ವೀಸಾ ಗೊತ್ತಿದೆ. ಪಾಸ್‌ಪೋರ್ಟಿಗೆ 6 ತಿಂಗಳ ಅವಧಿ ಉಳಿದಿರಬೇಕು, 30 ದಿನದ ವೀಸಾಕ್ಕೆ ತಲಾ 5 ಲಕ್ಷ ಇಂಡೋನೇಷ್ಯಾ ರೂಪಿಯಾ, ಪ್ರವಾಸಿ ಶುಲ್ಕ 1.5 ಲಕ್ಷ ಬೇರೆ.

ಗೊಂದಲ ಇರೋದು ಸಮುದ್ರದ್ದು. ಕೂಟಾ, ಸೆಮಿನ್ಯಾಕ್ ಬೀಚ್‌ಗಳ ಕಡೆ ಅಲೆ ದೊಡ್ಡದು, ಒಳಕ್ಕೆ ಎಳೆಯೋ ಸೆಳವೂ ಇರುತ್ತೆ, ಹಾಗಾಗಿ ಬೇಡ. ಸನೂರ್‌ನಲ್ಲಿ ಹವಳದ ದಿಬ್ಬ ಅಲೆ ತಡೆಯುತ್ತೆ. ಆದರೆ ಇಳಿತದ ಹೊತ್ತಲ್ಲಿ ನೀರು ಹಿಂದೆ ಸರಿದು ಹವಳ, ಪಾಚಿ ಮೇಲೇಳುತ್ತೆ, ಅಮಾವಾಸ್ಯೆ-ಹುಣ್ಣಿಮೆ ಆಸುಪಾಸು ಇನ್ನೂ ಜಾಸ್ತಿ. ಜಾರಿದ್ರೆ ಅಮ್ಮನ ಮಂಡಿ ಕಥೆ ಮುಗೀತು. ನೂಸಾ ದುವಾದಲ್ಲೂ ಹೀಗೇನಾ?

ಪಕ್ಕದ ನೂಸಾ ಪೆನಿಡಾ ದ್ವೀಪಕ್ಕೆ ಸನೂರ್‌ನಿಂದ ಸ್ಪೀಡ್‌ಬೋಟ್‌ನಲ್ಲಿ ಮುಕ್ಕಾಲು ಗಂಟೆ. ಅಲ್ಲಿನ ಕೆಲಿಂಗ್‌ಕಿಂಗ್ ಬೀಚ್‌ಗೆ ಹೋಗೋ ಕಡಿದಾದ ದಾರಿ ಇಳಿಯೋದಿಲ್ಲ, ಮೇಲಿಂದಲೇ ನೋಡ್ತೀವಿ. ಎರಡೂ ಕಡೆ ಜೆಟ್ಟಿಯಿಂದಲೇ ಬೋಟ್ ಹತ್ತಿ ಇಳೀಬಹುದಾ, ನೀರಿಗೆ ಕಾಲಿಡಲೇಬೇಕಾ?

ಊಟದ್ದೊಂದು ಪ್ರಶ್ನೆ. ಅಲ್ಲಿನ ಮೆಣಸಿನಕಾಯಿ ಚಟ್ನಿ ಸಂಬಾಲ್‌ಗೆ ತೆರಾಸಿ, ಅಂದ್ರೆ ಸಿಗಡಿ ಪೇಸ್ಟ್ ಹಾಕೋದು ಮಾಮೂಲು. ಬರೀ ತರಕಾರಿ ಅನ್ನೋ ಗಾಡೋ-ಗಾಡೋದ ಕಡಲೆಬೀಜದ ಗೊಜ್ಜಿಗೂ ಬೀಳಬಹುದು. "ತನ್ಪಾ ತೆರಾಸಿ" (ತೆರಾಸಿ ಇಲ್ಲದೆ) ಅಂತ ಕೇಳಿದ್ರೆ ಹೊಸದಾಗಿ ಅರೆದು ಕೊಡ್ತಾರಾ, ಮೊದಲೇ ಮಾಡಿಟ್ಟಿದ್ದನ್ನೇ ಬಡಿಸ್ತಾರಾ? ಸಸ್ಯಾಹಾರಿಗಳು ಯಾರಾದ್ರೂ ಹೋಗಿಬಂದಿದ್ರೆ ದಯವಿಟ್ಟು ತಿಳಿಸಿ.